ಗಣಿತದ ವಾರ

ವೇಳಾಪಟ್ಟಿ ಬರೆಯುವುದೆಂದರೆ ನನಗೆ ಓದುವುದಕ್ಕಿಂತ ಇಷ್ಟ. ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಏಳು ದಿನಕ್ಕೂ ಮನೆ ಮಾಡಿ, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ ತುಂಬುತ್ತಾ ಕೂತರೆ ಎಲ್ಲವನ್ನೂ ಓದಿ ಮುಗಿಸಿದಷ್ಟೇ ಹಿತವಾಗುತ್ತದೆ. ಕನ್ನಡಕ್ಕೆ ಹಸಿರು, ಪರಿಸರ ಅಧ್ಯಯನಕ್ಕೆ ನೀಲಿ, ಮಕ್ಕಳ ಮನೋವಿಜ್ಞಾನಕ್ಕೆ ಗುಲಾಬಿ, ಇಂಗ್ಲಿಷಿಗೆ ಹಳದಿ. ಗಣಿತಕ್ಕೆ ಉಳಿದಿದ್ದು ಪೆನ್ಸಿಲು. "ವೇಳಾಪಟ್ಟಿ ಬರೆಯೋದಕ್ಕೇ ಒಂದು ಪರೀಕ್ಷೆ ಇದ್ದಿದ್ರೆ ನೀನು ಇಡೀ ರಾಜ್ಯಕ್ಕೆ ಫಸ್ಟ್ ಬರ್ತಿದ್ದೆ ಕಣೇ," ಎಂದು ನನ್ನ ಗಂಡ ಕಿಚಾಯಿಸುತ್ತಿದ್ದರು. ಸಿಟ್ಟು ಬರುತ್ತಿತ್ತು. ಮಾತು ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಬರುತ್ತಿತ್ತು.

ನನಗಿದ್ದ ಆಸೆ ಒಂದೇ, ಟೀಚರಾಗುವುದು. ಹೊಳಲ್ಕೆರೆಯಲ್ಲಿ ಚಿಕ್ಕವಳಿದ್ದಾಗ ಗೋಡೆಗೆ ಪಾಠ ಮಾಡಿದವಳು ನಾನು. ಮದುವೆಯಾಗಿ ಐಮಂಗಲದ ಹೈವೇ ಬಿಟ್ಟು ಒಳಗಿರುವ ಈ ಹಳ್ಳಿಗೆ ಬಂದ ಮೇಲೂ ಆ ಆಸೆ ಬಿಡಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಸಲ ಕೂತೆ, ಎರಡು ಸಲವೂ ಗಣಿತ ಕಾಲು ಹಿಡಿದು ಕೆಳಗೆಳೆಯಿತು. ಮೂರನೆಯ ಸಲ ಅರ್ಜಿ ಹಾಕಿದ ದಿನ, ಯಾರೂ ಕೇಳದೆಯೇ, ಊಟಕ್ಕೆ ಕೂತವರ ಮುಂದೆ ಹೇಳಿಬಿಟ್ಟೆ: "ಈ ಸಲವೂ ಆಗದಿದ್ರೆ ಪುಸ್ತಕ ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಮತ್ತೆ ಟೀಚರ್ ಆಗೋ ಮಾತೆತ್ತಿದ್ರೆ ಕೇಳ್ರಿ." ನನ್ನ ಬಾಯಿಯೇ ಹಾಗೆ, ಮುಂದೆ ಓಡಿಬಿಡುತ್ತದೆ. ಆಡಿದ ಮಾತು ತಪ್ಪುವವಳೂ ನಾನಲ್ಲ.

ಆ ರಾತ್ರಿ ಬರೆದ ಪಟ್ಟಿಯನ್ನು ಬೆಳಿಗ್ಗೆ ನಾಲ್ಕು ಅನ್ನದ ಅಗುಳು ತಿಕ್ಕಿ ಪಡಸಾಲೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ನಮ್ಮ ಅತ್ತೆ ಕುರಿಗಳನ್ನು ರೊಪ್ಪದಿಂದ ಬಿಟ್ಟು, ಕೈ ತೊಳೆದು ಒಳಗೆ ಬಂದವರು ಅದರ ಮುಂದೆ ನಿಂತುಬಿಟ್ಟರು. ಅವರಿಗೆ ಓದು ಬರದು. ಬಣ್ಣ ನೋಡಿ ಖುಷಿಯಾಯಿತು.

"ಏನವ್ವ ಇದು, ರಂಗೋಲಿ ಇದ್ದಂಗೈತೆ?"

"ಓದೋಕೆ ಅತ್ತೆ. ಒಂದೊಂದು ವಿಷಯಕ್ಕೆ ಒಂದೊಂದು ವಾರ ಮಾಡ್ಕಂಡಿದೀನಿ."

ಅಲ್ಲೇ ಎಡವಟ್ಟಾಗಿದ್ದು. ನಾನು ಹೇಳಿದ ವಾರ ಸೋಮವಾರ, ಮಂಗಳವಾರದ ವಾರ. ಈ ಮನೆಯಲ್ಲಿ ವಾರ ಎಂದರೆ ಬೇರೆಯೇ. ದೇವರಿಗೆ ಹಿಡಿದ ದಿನ ಅದು. ಅವತ್ತು ಎದ್ದ ಕೂಡಲೇ ಮನೆ ಸಾರಿಸಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಒಲೆಯ ಹತ್ತಿರ ಬಾಡು ಸುಳಿಯಬಾರದು, ಹರಕೆ ಹೊತ್ತವರು ಹಗಲೆಲ್ಲ ಉಪವಾಸವಿದ್ದು ಸಂಜೆ ಒಪ್ಪತ್ತು ಉಣ್ಣಬೇಕು. ಅತ್ತೆಗೆ ಅರ್ಥವಾಗಿದ್ದು ಅದು. ಸೊಸೆ ಓದಿಗಾಗಿ ಐದು ವಾರ ಹಿಡಿದಿದ್ದಾಳೆ! ಅವರ ಮುಖ ಗಂಭೀರವಾಯಿತು.

"ಯಾರ್‍ಯಾರಿಗೆ ಯಾವ್ಯಾವ ವಾರ, ಹೇಳು ನೋಡಾಣ."

ನಾನು ಹೇಳುತ್ತಾ ಹೋದೆ. ಕನ್ನಡಕ್ಕೆ ಸೋಮವಾರವೂ ಬುಧವಾರವೂ, ಪರಿಸರಕ್ಕೆ ಮಂಗಳವಾರ, ಮನೋವಿಜ್ಞಾನಕ್ಕೆ ಗುರುವಾರ, ಶುಕ್ರವಾರ ಇಂಗ್ಲಿಷ್, ಶನಿವಾರ ಮತ್ತೆ ಕನ್ನಡ. ಗಣಿತಕ್ಕೆ ಭಾನುವಾರ ಸಂಜೆ.

"ಭಾನುವಾರನಾ?" ಅತ್ತೆ ನನ್ನ ಕಡೆ ತಿರುಗಿದರು. "ನಿನ್ ಕೈ ಬಿಟ್ಟೋನು ಯಾವೋನು?"

"ಗಣಿತ."

"ಮತ್ತೆ ಮುನಿಸ್ಕಂಡಿರೋ ದೇವ್ರಿಗೆ ಬಾಡಿನ ದಿನ ಕೊಟ್ರೆ ಒಲಿತಾನಾ? ಭಾನುವಾರ ಮಸಾಲೆ ರುಬ್ಬೋದೇ ಆಗ್ತೈತೆ, ಬರೋರು ಹೋಗೋರು ಬೇರೆ. ಲೇ, ನಿಂಗೆ ಬುದ್ಧಿ ಎಲ್ಲೈತೆ? ಸೋಮವಾರ ಕೊಡು. ಬಸವಣ್ಣನ ವಾರ. ಎತ್ತಿನ ಹೆಗಲಿಗೇ ನೊಗ ಇರಲ್ಲ, ನಿಂಗ್ಯಾಕೆ ಕೆಲ್ಸ?"

ಅದು ದೇವರಲ್ಲ, ಲೆಕ್ಕ ಎಂದೆ. ಲೆಕ್ಕವೂ ಗೊತ್ತು, ದೇವರೂ ಗೊತ್ತು, ನೀನು ಸುಮ್ನಿರು ಎಂದರು. ಅವರೊಡನೆ ವಾದಕ್ಕಿಳಿದು ಗೆದ್ದವರು ಈ ಊರಿನಲ್ಲಿ ಇಲ್ಲ. ಉರಿದುಕೊಂಡೇ ಸೋಮವಾರದ ಹಸಿರನ್ನು ಹೊಡೆದು ಗಣಿತ ಎಂದು ಬರೆದೆ, ಬೆಳಿಗ್ಗೆ ಆರರಿಂದ ಎಂಟು. ಮಾರನೆಯ ದಿನ ನೋಡಿದರೆ ಅತ್ತೆ ಪಟ್ಟಿಯ ಪ್ರತಿ ಮನೆಗೂ ಅರಿಶಿನ ಕುಂಕುಮ ಹಚ್ಚಿದ್ದಾರೆ. ಸೋಮವಾರಕ್ಕೆ ಭಕ್ತಿ ಹೆಚ್ಚಾಗಿ, ಕುಂಕುಮದಡಿ ನನ್ನ ಆರೂ ಇಲ್ಲ, ಎಂಟೂ ಇಲ್ಲ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಮು ಅಳಿಸಿದ್ದರಿಂದ ಸೋಮವಾರ ಪೂರ್ತಿ ಗಣಿತಕ್ಕೇ ಹೋಯಿತು.

ಆ ಸೋಮವಾರಗಳು ಈಗ ನೆನಪಿಗೆ ಬಂದರೆ ಎಲ್ಲವೂ ಒಂದೇ ಉದ್ದನೆಯ ಬೆಳಗಿನ ಹಾಗೆ ಕಾಣುತ್ತದೆ. ಎಣ್ಣೆ ನೀರಾದ ಮೇಲೆ ಒದ್ದೆ ಕೂದಲು ಬೆನ್ನಿಗೆ ಹರಡಿಕೊಂಡು ತಾರಸಿಯ ಮೇಲೆ ಕೂರುತ್ತಿದ್ದೆ. ಸಾರಿಸಿದ ಅಂಗಳದ ಸಗಣಿ ವಾಸನೆ ಮೇಲಕ್ಕೆ ಬರುತ್ತಿತ್ತು. ಎತ್ತುಗಳು ಹುಣಸೆಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಊರಿಗೆ ಊರೇ ಮೆಲ್ಲಗಾಗಿ, ದೂರದ ಹೈವೇಯ ಲಾರಿಗಳ ಸದ್ದು ಮಾತ್ರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು, ನಮ್ಮ ಕಡೆ ಎಲ್ಲರೂ ಫ್ಯಾನು ಎನ್ನುತ್ತಾರೆ, ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ಅವನ್ನು ನೋಡುತ್ತಾ ಎಷ್ಟು ಹೊತ್ತು ಕೂತಿರುತ್ತಿದ್ದೆನೋ. ಒಂದು ರೆಕ್ಕೆ ಮೇಲೆ ಬರುವಾಗ ಇನ್ನೆರಡು ಎಲ್ಲಿರುತ್ತವೆ, ಸುತ್ತಿನಲ್ಲಿ ಒಂದೊಂದರ ಪಾಲೆಷ್ಟು ಎಂದು ಯೋಚಿಸುತ್ತಾ ಯೋಚಿಸುತ್ತಾ, ಮೊದಲ ಸಲ ಭಿನ್ನರಾಶಿ ನನ್ನ ಮೇಲೆ ಹಗೆ ಸಾಧಿಸುತ್ತಿಲ್ಲ ಅನ್ನಿಸಿತು. ಕೆಲವೊಮ್ಮೆ ಪುಸ್ತಕ ಮಡಿಲಲ್ಲೇ ಮುಚ್ಚಿಕೊಂಡು, ನಾನು ಎಲ್ಲೂ ಇಲ್ಲದ ತರಗತಿಯೊಂದರಲ್ಲಿ ನಿಂತಿರುತ್ತಿದ್ದೆ. ಬೋರ್ಡಿನ ಮೇಲೆ ದುಂಡಗೆ ಬರೆಯುತ್ತಿದ್ದೆ, ಸೀಮೆಸುಣ್ಣದ ಪುಡಿ ಕೈಗೆ ಹತ್ತುತ್ತಿತ್ತು. ಕಣ್ಣು ಬಿಟ್ಟರೆ ಬೆರಳಿಗೆ ಹತ್ತಿದ್ದು ಬೆಳಿಗ್ಗೆ ಮುಟ್ಟಿ ಬಂದ ಪಟ್ಟಿಯ ಕುಂಕುಮ.

ಕುರಿ ಮೇಯಿಸಲು ಹೋಗುವವರೆಗೂ ಅತ್ತೆ ಕೆಳಗೆ ಕಾವಲು. "ಸೊಸೆ ಎಲ್ಲಿ?" ಎಂದು ಯಾರಾದರೂ ಕೇಳಿದರೆ ದನಿ ತಗ್ಗಿಸಿ, "ಇವತ್ತು ಗಣಿತದ ವಾರ, ಮೇಲೆ ಕುಂತವ್ಳೆ," ಎನ್ನುತ್ತಿದ್ದರು. ಯಾವ ದೇವರೋ ಏನೋ ಎಂದು ಬಂದವರೂ ಮೆಲ್ಲಗೆ ಮಾತಾಡಿ ಹೋಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಊರ ತುಂಬ ನಗೆಪಾಟಲು ಮಾಡಿದರಲ್ಲ ಎಂದು ಗಂಡನ ಮುಂದೆ ರೇಗಿದ್ದೂ ಉಂಟು.

ಒಂದು ಸೋಮವಾರ ನೀರು ಕುಡಿಯಲು ಕೆಳಗಿಳಿದಿದ್ದೆ. ಮಧ್ಯಾಹ್ನದ ಬಿಸಿಲು ಏರಿತ್ತು. ಪಕ್ಕದ ಮನೆಯಾಕೆ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು. ನಾನು ಅಡುಗೆಮನೆಯ ಕತ್ತಲಲ್ಲಿದ್ದುದರಿಂದ ಇಬ್ಬರಿಗೂ ಕಾಣಲಿಲ್ಲ.

"ಬಿಸಿ ಐತೆ, ಈಗಲೇ ತಿನ್ರಿ."

"ಇಟ್ಟೋಗು, ಸೊಸೆ ತಿಂತಾಳೆ. ನಾನು ಸಂಜೆಗೆ. ಇವತ್ತು ಒಪ್ಪತ್ತು."

"ನಿಮ್ ವಾರ ಶನಿವಾರ ಅಲ್ವೇನ್ರಿ? ಸೋಮವಾರ ಯಾವಾಗಿಂದ?"

"ಗಣಿತದ್ದು. ಆಕೆ ವಾರ ಹಿಡಿದವ್ಳೆ, ಆದ್ರೆ ಓದೋಳು ಹಸ್ಕಂಡು ಕುಂತ್ರೆ ತಲೆಗೆ ಹತ್ತುತ್ತಾ? ಮನೆಯಾಗೆ ಯಾರಾದ್ರೂ ಒಬ್ರು ಇರ್ಬೇಕಲ್ಲ. ನಾನು ಇದೀನಿ."

ಅಷ್ಟೂ ಸೋಮವಾರ ಮೂರು ಮುದ್ದೆ ಕಟ್ಟಿ, ಎರಡು ನನಗೂ ಗಂಡನಿಗೂ ಬಡಿಸಿ, "ನಂದಾತು" ಎಂದು ಕುರಿಗಳ ಹಿಂದೆ ಹೋಗುತ್ತಿದ್ದವರು ಇವರು. ಬಿಸಿಲಲ್ಲಿ, ಬರಿ ಹೊಟ್ಟೆಯಲ್ಲಿ. ಆ ಮೂರನೆಯ ಮುದ್ದೆ ಎಲ್ಲಿ ಹೋಗುತ್ತದೆಂದು ಕೇಳುವ ಬುದ್ಧಿ ಲೆಕ್ಕ ಓದುವ ನನಗಿರಲಿಲ್ಲ. ಎದುರಿಗೆ ಹೋಗಿ ಬಿಡ್ರಿ ಅತ್ತೆ ಎನ್ನಬೇಕೆಂದುಕೊಂಡೆ. ಆದರೆ ಹಿಡಿದ ವಾರವನ್ನು ನಡುವೆ ಬಿಡಿಸಿದರೆ ಅವರಿಗೆ ಅದಕ್ಕಿಂತ ದೊಡ್ಡ ನೋವಿಲ್ಲ ಎಂಬುದು ಅಷ್ಟೊತ್ತಿಗೆ ಗೊತ್ತಾಗಿತ್ತು. ತಿರುಗಿ ತಾರಸಿಗೆ ಹೋದೆ. ಅವತ್ತು ಫ್ಯಾನುಗಳ ಕಡೆ ನೋಡಲಿಲ್ಲ, ಸಂಜೆ ಅವರು ಊಟಕ್ಕೆ ಕೂರುವವರೆಗೆ ಲೆಕ್ಕ ಮಾಡಿದೆ.

ಪರೀಕ್ಷೆ ಚಿತ್ರದುರ್ಗದಲ್ಲಿ, ಅದೂ ಭಾನುವಾರ. ಅತ್ತೆಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಸರ್ಕಾರದೋರಿಗೆ ಒಂದು ವಾರ ನೋಡೋಕೂ ಬರಲ್ವಾ?" ಎಂದು ಬೈದು, ಆ ಭಾನುವಾರ ಮನೆಯಲ್ಲಿ ಬಾಡು ಬೇಡವೆಂದು ಹುಕುಂ ಮಾಡಿದರು. ಗಂಡ ಸಪ್ಪೆ ಮೋರೆ ಹಾಕಿಕೊಂಡು ನನ್ನನ್ನು ಬೈಕಿನಲ್ಲಿ ಕರೆದೊಯ್ದರು. ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದ ಕೋಣೆಯಲ್ಲಿ ಕೂತೆ. ಗಣಿತದ ಪ್ರಶ್ನೆಗಳು ಬಂದಾಗ ಮೊದಲನೆಯದನ್ನು ಎರಡು ಸಲ ಓದಿದೆ. ಆಮೇಲೆ ಒದ್ದೆ ಕೂದಲು, ಮಲಗಿದ ಎತ್ತುಗಳು, ತಿರುಗುವ ರೆಕ್ಕೆಗಳು ಒಂದೊಂದಾಗಿ ಬಂದವು, ನಾನು ಎಲ್ಲಿದ್ದೇನೆಂಬುದೇ ಮರೆತು ಬರೆದೆ.

ಫಲಿತಾಂಶದ ದಿನ ಗಂಡ ಹಿರಿಯೂರಿನ ಮೋಟರ್ ರಿಪೇರಿ ಅಂಗಡಿಯಲ್ಲಿದ್ದರು. ಅಲ್ಲಿಂದಲೇ ಫೋನು ಬಂತು. "ಪಾಸು ಕಣೇ! ಗಣಿತದಾಗೂ ಚೆನ್ನಾಗೇ ಬಂದೈತೆ!" ಚಪ್ಪಲಿಯನ್ನೂ ಹಾಕದೆ ರೊಪ್ಪಕ್ಕೆ ಓಡಿದೆ. ಅತ್ತೆ ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದರು. ಹೇಳಿದೆ. ಮರಿಯನ್ನು ಬಿಡದೆ, ಅದರ ತಲೆಯ ಮೇಲಿಂದ ನನ್ನನ್ನೇ ನೋಡಿ, "ಒಲಿದ," ಎಂದರು. ನಾನು ಗೋಳೋ ಎಂದು ಅತ್ತುಬಿಟ್ಟೆ. "ಸಾಕು, ಮರಿ ಹೆದರ್‍ತೈತೆ," ಎಂದು ಗದರಿದರು.

ಜವನಗೊಂಡನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಮೊದಲ ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಾಗ ಕಂಡಿತು, ಅತ್ತೆಯ ತಟ್ಟೆ ಒಣಗಿಕೊಂಡೇ ಗೋಡೆಗೆ ಒರಗಿದೆ. ಅವರು ಕಂಬಳಿ ಹೆಗಲಿಗೇರಿಸಿ ಹೊರಡುತ್ತಿದ್ದರು.

"ಅತ್ತೆ, ಉಂಡ್ರಾ?"

"ಸೋಮವಾರ ಅಲ್ವಾ."

"ನಾನು ಪಾಸಾದೆನಲ್ಲ ಅತ್ತೆ! ಇನ್ನೂ ಯಾಕೆ ಗಣಿತದ ವಾರ?"

"ನೀನು ಪಾಸಾದೆ ಕಣಮ್ಮ," ಎಂದರು, ನನಗೇ ಏನೂ ತಿಳಿಯದೆಂಬಂತೆ. "ನಿನ್ ಹತ್ರ ಲೆಕ್ಕ ಕಲಿಯೋ ಹುಡ್ರು ಇನ್ನಾ ಪಾಸಾಗ್ಬೇಕಲ್ಲ. ನಿನ್ ಕೈಗೆ ಸಿಕ್ಕವೆ, ಪಾಪ."

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಡಬ್ಬಿಯನ್ನು ಬ್ಯಾಗಿನಿಂದ ತೆಗೆದು ಒಲೆಯ ಪಕ್ಕ ಇಟ್ಟೆ. ಅವತ್ತು ನಾನೂ ಒಪ್ಪತ್ತು.