ಎಸಿಯ ಬಾಯಿಗೆ ಒದ್ದೆ ನೂಲು

ಗೆಳೆಯರೇ, ಇಂದು ಮಧ್ಯಾಹ್ನ ಇಳಕಲ್ಲಿನ ನಮ್ಮ ಮನೆಯ ಎಸಿ ತಂಪು ಕೊಡುವುದನ್ನೇ ನಿಲ್ಲಿಸಿತು. ಒಳಗಿನ ಜಾಲರಿ ತೊಳೆದೆ, ರಿಮೋಟಿನ ಸೆಲ್ ಬದಲಿಸಿದೆ, ಕಂಪನಿಯನ್ನೂ ಬೈದೆ. ಕೊನೆಗೆ ಹಿತ್ತಲಿಗೆ ಹೋಗಿ ನೋಡಿದರೆ ಹೊರಗಿನ ಯಂತ್ರದ ಫ್ಯಾನೇ ಕಾಣುತ್ತಿಲ್ಲ. ಆಗಷ್ಟೇ ಬಣ್ಣ ಹಾಕಿದ ಕೆಂಪು ನೂಲಿನ ಲಡಿಗಳನ್ನು ಅವ್ವ ಅದರ ಮುಂದೆ ಒತ್ತೊತ್ತಾಗಿ ನೇತುಹಾಕಿದ್ದಾಳೆ.

“ಏನಬೇ ಇದು? ಗಾಳಿ ಆಡಲಿಲ್ಲಂದ್ರ ಮಿಷನ್ ಸುಟ್ಟು ಹೋಗ್ತೈತಿ!”

“ಬಿಸಿಲಿಗಿ ಹಾಕಿದ್ರ ಬಣ್ಣ ಹೋಗ್ತೈತೋ. ನೆರಳಾಗ ಇಷ್ಟು ಬಿಸಿ ಗಾಳಿ ಮತ್ತೆಲ್ಲಿ ಸಿಗತೈತಿ? ಮಗ್ಗದಾಗಿನ ನೂಲ ಮುಗಿಯಾಕ ಬಂದೈತಿ. ಇದು ಒಣಗಲಿಲ್ಲಂದ್ರ ಮದಿವಿ ಸೀರಿ ಅರ್ಧಕ್ಕ ನಿಲ್ತೈತಿ.”

ಒಂದು ಮಾರು ದೂರಕ್ಕೆ ಹಗ್ಗ ಕಟ್ಟಿ, ಬಿಸಿ ಗಾಳಿ ತಾಗುವಂತೆಯೇ ಲಡಿಗಳನ್ನು ಸರಿಸಿದೆ. ಕೋಣೆ ತಂಪಾಯಿತು. ಪಡಸಾಲೆಯಲ್ಲಿ ಅವ್ವ ಬೆವರಿನಲ್ಲಿ ತೊಯ್ದು ನೇಯುತ್ತಿದ್ದಳು.

“ಫ್ಯಾನಾದ್ರೂ ಹಚ್ಕೋಬೇ.”

“ಬ್ಯಾಡಪಾ, ಎಳಿ ಹಾರ್ತಾವ.”

ಸಂಜೆ ಚಳಿಯಾಗತೊಡಗಿತು. “ಎಸಿ ಬಂದ್ ಮಾಡ್ತೇನಬೇ” ಎಂದೆ. ಮಗ್ಗದ ಸದ್ದು ನಿಲ್ಲಿಸಿ ಅವ್ವ ಕೂಗಿದಳು: “ಬಂದ್ ಮಾಡಬ್ಯಾಡ, ನೂಲ ಇನ್ನೂ ಹಸಿ ಐತಿ!”

ಅವ್ವ ಅಲ್ಲಿ ಬೆವರುತ್ತಿದ್ದಾಳೆ. ಅವಳ ಕೆಲಸ ನಿಲ್ಲದಿರಲೆಂದು ನಾನಿಲ್ಲಿ ಕೌದಿ ಹೊದ್ದು ಕುಳಿತಿದ್ದೇನೆ.