ಉಡಿ ಯಾರಿಗೆ ತುಂಬಬೇಕು?

ನಮ್ಮ ಕಾಕೂನ, ಅಂದರೆ ಚಿಕ್ಕಮ್ಮನ, ಸೊಸೆ ಸುವರ್ಣಾಳ ಉಡಿ ತುಂಬದ ಗುಡಿ ನಮ್ಮ ಕಡೆ ಉಳಿದಿಲ್ಲ. ಯಡೂರಾಯಿತು, ಕೊಕಟನೂರಿನ ಯಲ್ಲವ್ವನ ಗುಡಿಯಾಯಿತು. ಮಗುವಾಗಲಿ ಎಂದು ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿದ್ದೇ ಹಾಕಿದ್ದು. (ಕಾಗವಾಡದ ಆ ಮನೆಯಲ್ಲಿ ಕೊಬ್ಬರಿ ಚಟ್ನಿಗೆ ಬರವೇ ಇಲ್ಲ.)

ಗಂಡನನ್ನು ಮಾತ್ರ ಯಾರೂ ಕೇಳಲಿಲ್ಲ. ಗಂಡ ಎಂದರೆ ಕಾಕೂನ ಮಗ, ನನ್ನ ತಮ್ಮ ಶಿವಾನಂದ. ಮದುವೆಯಾದ ವರ್ಷವೇ ಕಬ್ಬಿನ ಟ್ರೇಲರ್ ಮೇಲಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟು. ಈಗ ವ್ಹೀಲ್‌ಚೇರಿನಲ್ಲೇ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಆ ವಿಷಯ ಅವನ ಹತ್ತಿರ ಎತ್ತಲು ಎಲ್ಲರಿಗೂ ಸಂಕೋಚ.

ಕಳೆದ ವಾರ ನನ್ನ ಕಾರಿನಲ್ಲೇ ಅವರಿಬ್ಬರೂ ನಾನೂ ಮಿರಜಿನ ಆಸ್ಪತ್ರೆಗೆ ಹೋದೆವು. ತಪಾಸಣೆ ಸುವರ್ಣಾಳದ್ದಲ್ಲವೇ ಎಂದು ವ್ಹೀಲ್‌ಚೇರನ್ನು ಮನೆಯಲ್ಲೇ ಬಿಟ್ಟಿದ್ದೆವು!

"ಯಜಮಾನ್ರು ಎಲ್ಲಿ ಅದಾರ?" ಡಾಕ್ಟರಮ್ಮ ಕೇಳಿದರು.

"ಕಾರಿನಾಗ ಕುಂತಾರ್ರಿ," ಎಂದಳು ಸುವರ್ಣಾ.

"ಅವರನ್ನ ಮೊದಲ ಕರ್ಕೊಂಡ್ ಬರ್ರಿ!"

ಆಸ್ಪತ್ರೆಯ ವ್ಹೀಲ್‌ಚೇರಿನಲ್ಲಿ ಬಂದ ಶಿವಾನಂದ ನೆಲ ನೋಡುತ್ತಲೇ ಕೇಳಿದ. "ನನಗ ಮಕ್ಕಳಾಗ್ತಾವೇನ್ರಿ?"

ನನ್ನ ಕಿವಿ ನೆಟ್ಟಗಾದವು. ಬೆನ್ನುಹುರಿಗೆ ಪೆಟ್ಟಾದರೂ ಎಷ್ಟೋ ಗಂಡಸರ ದೇಹ ವೀರ್ಯಾಣು ತಯಾರಿಸುತ್ತಲೇ ಇರುತ್ತದಂತೆ. ಹೊರಬರುವುದೇ ಕಷ್ಟ. ಮೊದಲು ಕಂಪನ ಕೊಡುವ ಸಣ್ಣ ಯಂತ್ರ. (ಕೆಲವರಿಗೆ ಬಿಪಿ ಗಕ್ಕನೆ ಏರಬಹುದು, ಹಾಗಾಗಿ ಡಾಕ್ಟರ ಎದುರೇ ಶುರುಮಾಡಬೇಕು.) ಅದಾಗದಿದ್ದರೆ ಕರೆಂಟಿನ ಪ್ರಚೋದನೆ. ಅದೂ ಆಗದಿದ್ದರೆ ಸೂಜಿಯಿಂದ ನೇರವಾಗಿ ವೃಷಣದಿಂದಲೇ ತೆಗೆಯುವುದು. ಆಮೇಲೆ ಅದನ್ನು ಹೆಂಡತಿಯ ಗರ್ಭಕ್ಕೆ ಸೇರಿಸಬಹುದು, ಇಲ್ಲವೇ ಲ್ಯಾಬಿನಲ್ಲಿ ಅಂಡಾಣುವಿನ ಜತೆ ಕೂಡಿಸಬಹುದು; ಸೂಜಿಯಿಂದ ತೆಗೆದದ್ದಕ್ಕೆ ಲ್ಯಾಬೇ ಗತಿ.

"ಗ್ಯಾರಂಟಿ ಕೊಡಾಂಗಿಲ್ಲ," ಎಂದರು ಡಾಕ್ಟರಮ್ಮ. "ದಾರಿ ಅಂತೂ ಅದಾವ."

ಸುವರ್ಣಾ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ನನಗೋ ಸಿಟ್ಟು. ಎಮ್ಮೆಗೆ ಗಬ್ಬದ ಸೂಜಿ ಮಾಡಿಸುವಾಗ ಯಾವ ಕೋಣದ ಬೀಜ ಎಂದು ದನದ ಡಾಕ್ಟರ ತಲೆ ತಿನ್ನುವವರು ನಾವು. ಮನುಷ್ಯರ ವಿಷಯ ಬಂದರೆ ಹೆಂಗಸನ್ನಷ್ಟೇ ಕೇಳುತ್ತೇವಲ್ಲ, ಯಾಕೆ?

ಮನೆಗೆ ಬಂದು ಎಲ್ಲ ಹೇಳಿದೆ. ಮೊದಲ ಚಿಕಿತ್ಸೆ ಬರುವ ವಾರ. ಅದಕ್ಕೂ ಮುಂಚೆ ಶುಕ್ರವಾರ ಕಾಕೂ ಎಲ್ಲರನ್ನೂ ಕೊಕಟನೂರಿಗೆ ಹೊರಡಿಸಿದರು. ಅಲ್ಲಿ ಸುವರ್ಣಾಳ ಉಡಿ ತುಂಬಿದವರೇ ಬೊಗಸೆಯಲ್ಲಿ ಅಕ್ಕಿ ಹಿಡಿದು ಮಗನ ಕಡೆ ತಿರುಗಿದರು.

"ಟಾವೆಲ್ ಹಾಸ್ಕೊ."

"ಯವ್ವಾ, ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡು. ಡಾಕ್ಟರಿಗೆ ತಿಳದದ್ದು ಯಲ್ಲವ್ವಗೂ ತಿಳೀಲಿ."

ಶಿವಾನಂದ ಕೆಂಪಾಗಿ ತೊಡೆಯ ಮೇಲೆ ಟಾವೆಲ್ ಹಾಸಿದ.

ಹಾಗಾದರೆ ಇಷ್ಟು ವರ್ಷ ದೇವಿಗೂ ನಾವು ಅರ್ಧ ಅಡ್ರೆಸ್ಸನ್ನೇ ಕೊಟ್ಟಿದ್ದೆವಾ?