ಸೋಪಮ್ಮ ಬರೆಸದೆ ಬಿಟ್ಟ ಹಿಡಿ

ಓಣಿಯವರಿಗೆಲ್ಲ ಅವಳು ಸೋಪಮ್ಮ. ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಮೂವತ್ತೊಂದು ವರ್ಷದಿಂದ ಸೋಪು ಕಾಯಿಸುತ್ತಿದ್ದಳು. ಕಾಸ್ಟಿಕ್ ಸೋಡಾ ಸಿಡಿದು ಮುಂಗೈ ತುಂಬ ಬಿಳಿ ಕಲೆ, ಮೂಗು ಮಾತ್ರ ಇನ್ನೂ ಚುರುಕು. ಸೋಪಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವಳಿಗೆ ಬುದ್ಧಿ ಹೇಳಲು ಸರ್ಕಾರವೇ ಬಂತು.

ಹೊಸ ಕಾಯಿದೆ ಬಂದು ಒಂಬತ್ತು ತಿಂಗಳಾಗಿತ್ತು. ಅಲ್ಲಿಯವರೆಗೆ ದೊಡ್ಡ ಕಾರ್ಖಾನೆಗಳಿಗಷ್ಟೇ ಇದ್ದ ನಿಯಮ ಮನೆಯಲ್ಲಿ ಸೋಪು ಮಾಡುವವರ ತಲೆಗೂ ಬಿತ್ತು. ಪ್ರತಿ ಕಡಾಯಿಗೂ ಒಂದು ನಂಬರು, ಅದರೊಳಗೆ ಏನೇನು ಬಿತ್ತೆಂಬ ಪಟ್ಟಿ, ಕೆಳಗೆ ಹೊಣೆ ಹೊತ್ತವರ ಸಹಿ. ಪಟ್ಟಿ ಸುಳ್ಳಾದರೆ ಸಹಿ ಹಾಕಿದವರು ಮತ್ತೆಂದೂ ಈ ಕಸುಬು ಮಾಡುವಂತಿಲ್ಲ. ಅವಳು ಬಳಸುತ್ತಿದ್ದ ಒಂದು ಹಳದಿ ಸುಗಂಧದ ಎಣ್ಣೆ ಚರ್ಮಕ್ಕೆ ಕೆಟ್ಟದ್ದೆಂದು ಅದಕ್ಕೆ ನಿಷೇಧವೂ ಆಯಿತು. ಸೋಪಮ್ಮ ಎಣ್ಣೆಯ ಡಬ್ಬವನ್ನು ಅಂದೇ ಇಲಾಖೆಗೆ ಒಪ್ಪಿಸಿದಳು. ಬರೆಯುವುದೆಲ್ಲ ತನ್ನ ತಲೆಗೆ ಹತ್ತುವುದಿಲ್ಲವೆಂದು ಪುಸ್ತಕವನ್ನೂ ಸಹಿಯನ್ನೂ ಸೊಸೆಗೆ ವಹಿಸಿದಳು. ಸೊಸೆ ಒಂದು ಚಮಚ ಉಪ್ಪನ್ನೂ ಬಿಡದೆ ಬರೆದಳು.

ಈಗ ಆ ಪುಸ್ತಕ ಮೇಜಿನ ಮೇಲಿತ್ತು. ಎದುರಿಗೆ ತಪಾಸಣೆಗೆ ಬಂದ ಅಧಿಕಾರಿ, ಕನ್ನಡಕದ ಹೆಂಗಸು. ಗಿರಾಕಿಯೊಬ್ಬರ ಕೈಗೆ ಗುಳ್ಳೆ ಎದ್ದಿತ್ತಂತೆ. ಕಳೆದ ತಿಂಗಳ ಸೋಪನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಆ ನಿಷೇಧಿತ ಎಣ್ಣೆ ಸಿಕ್ಕಿತ್ತು.

ಅಧಿಕಾರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಒಂದೊಂದೇ ಹಾಳೆ ತಿರುವಿ, ಈ ಸಹಿ ನಿಮ್ಮದೇ, ಇದೂ ನಿಮ್ಮದೇ ಎಂದು ಕೇಳುತ್ತಾ ಹೋದರು. ಸೊಸೆ ಹೌದೆಂದಳು. ಎಣ್ಣೆ ಎಲ್ಲಿಂದ ಬಂತೆಂದರೆ ಗೊತ್ತಿಲ್ಲವೆಂದಳು. ಕದ್ದು ಬಳಸಿದ್ದರೆ ಈಗಲೇ ಹೇಳಿ, ಇಲ್ಲವಾದರೆ ಸುಳ್ಳು ದಾಖಲೆಯೆಂದು ಬರೆಯಬೇಕಾಗುತ್ತದೆ ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲಲ್ಲಿ ನಿಂತಿದ್ದ ಸೋಪಮ್ಮನಿಗೆ ಮೊದಲು ಬಂದದ್ದು ಸೊಸೆಯ ಮೇಲೇ ಅನುಮಾನ. ಡಬ್ಬ ಒಪ್ಪಿಸುವ ಮುಂಚೆ ಇವಳು ಒಂದಿಷ್ಟು ತೆಗೆದಿಟ್ಟಳೇನೋ ಎಂದು ಹಲ್ಲು ಕಡಿದಳು. ಆಮೇಲೆ ಕಣ್ಣು ಮೂಲೆಯ ಬಕೀಟಿನ ಮೇಲೆ ಬಿತ್ತು.

ಸೋಪಿನ ಗಟ್ಟಿಯನ್ನು ತಂತಿಯಿಂದ ಕೊಯ್ದಾಗ ಉದುರುವ ಚೂರುಗಳ ಬಕೀಟು ಅದು. ಹೊಸ ಕಡಾಯಿ ಕುದಿಯುವಾಗ ಅದರಿಂದ ಒಂದು ಹಿಡಿ ಹಾಕುವುದು ಅವಳ ರೂಢಿ. ಸೋಪು ಬೇಗ ಗಟ್ಟಿಯಾಗುತ್ತದೆಂದು ಅವಳಮ್ಮ ಹೇಳಿಕೊಟ್ಟದ್ದು. ಸೊಸೆ ಅಚ್ಚು ತೊಳೆಯಲು ಆಚೆ ಹೋದಾಗಲೇ ಸೋಪಮ್ಮ ಹಾಕುತ್ತಿದ್ದಳು. ಸೋಪಿಗೆ ಸೋಪು ಹಾಕಿದರೆ ಬರೆಸುವುದೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆ ಬಕೀಟು ಎಂದೂ ಖಾಲಿಯಾದದ್ದಿಲ್ಲ. ಅದರೊಳಗೆ ನಿಷೇಧಕ್ಕೆ ಮುಂಚೆ ಆ ಹಳದಿ ಎಣ್ಣೆ ಹಾಕಿ ಮಾಡಿದ ಸೋಪಿನ ಚೂರುಗಳು ಇನ್ನೂ ಬೆರೆತಿದ್ದವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗುವುದು ಆ ಒಂದು ನಂಬರಿನ ಮಾಲು, ಜೊತೆಗೆ ಸೊಸೆಯ ಹೆಸರು. ಹಲಗೆಗಳ ಮೇಲೆ ಒಣಗುತ್ತಿದ್ದ ಉಳಿದ ಸೋಪೆಲ್ಲ ದಕ್ಕುತ್ತಿತ್ತು. ನಾಚಿಕೆಗೇಡಿನ ಮಾತು, ಆದರೂ ಹೇಳಲೇಬೇಕು: ಅವಳು ಅದನ್ನೂ ಯೋಚಿಸಿದಳು. ಪೆನ್ನು ಕಾಗದ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ.

“ಬರೀಬೇಡಿ ಮೇಡಂ,” ಎಂದಳು. “ಅವಳಿಗೆ ಏನೂ ಗೊತ್ತಿಲ್ಲ. ಹಾಕಿದ್ದು ನಾನು.”

ಬಕೀಟು ತಂದು ಮೇಜಿನ ಮೇಲೆ ಕುಕ್ಕಿದಳು. ಅಧಿಕಾರಿ ಹಳದಿ ಚೂರೊಂದನ್ನು ಹೆಕ್ಕಿ ಮೂಸಿದರು. ಯಾವ್ಯಾವ ನಂಬರಿನ ಕಡಾಯಿಗೆ ಹಾಕಿದಿರಿ ಎಂದರು.

“ಎಲ್ಲದಕ್ಕೂ.”

ಮಧ್ಯಾಹ್ನದ ಹೊತ್ತಿಗೆ ಒಂದು ಹಲಗೆಯೂ ಬಿಡದೆ ಸೀಲು ಬಿತ್ತು. ಮಾಲೆಲ್ಲ ನಾಶ, ಎರಡು ತಿಂಗಳು ಕೆಲಸ ಬಂದ್. ಸಹಿ ಹಾಕಿದವರಿಗೆ ತಿಳಿಯದಂತೆ ನಡೆದದ್ದೆಂದು ಅಧಿಕಾರಿ ಬರೆದುಕೊಂಡರು. ಸೊಸೆಯ ಹೆಸರು ಉಳಿಯಿತು.

ಅಧಿಕಾರಿ ಹೋದಮೇಲೆ ಸೊಸೆ ಕುರ್ಚಿಯಿಂದ ಏಳಲಿಲ್ಲ. ಕೃತಜ್ಞತೆಯ ಮಾತೊಂದು ಬಂದೀತೆಂದು ಸೋಪಮ್ಮ ಕಾದಳು. ಹಾಗೆ ಕಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

“ನಿಮ್ಮನ್ನ ನಂಬಿ ಸಹಿ ಹಾಕ್ದೆ ಅತ್ತೆ,” ಎಂದಳು ಸೊಸೆ. “ಒಂದು ಮಾತು ಹೇಳಿದ್ರೆ ಅದನ್ನೂ ಬರ್ಕೋತಿದ್ದೆ. ಯಾಕೆ ಹೇಳ್ಲಿಲ್ಲ?”

ಮರೆತೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಸೋಪಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

“ಎಲ್ಲಾ ನಿಂಗೇ ಗೊತ್ತಾಗ್ಬಿಟ್ರೆ, ಆಮೇಲೆ ನಾನು ಯಾತಕ್ಕೆ ಬೇಕು ಅಂತ ಭಯ ಆಗ್ತಿತ್ತು ಕಣೇ.”